ಕಮಲಿನಿಯ ಪಾತ್ರಕ್ಕೆ ವೀಳ್ಯ

ಹೊನ್ನಾವರ
೧೯ ಜೂನ್ ೧೯೬೧

ಅಕ್ಕನಿಗೆ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲಾರೆ. ನನಗೆ ನೆಗಡಿ, ಅಪ್ಪಯ್ಯನಿಗೆ ಸಿಟ್ಟು. ಎರಡೂ ಈ ಮಳೆಗಾಲ ಮುಗಿಯುವ ತನಕ ಇಳಿಯುವ ಲಕ್ಷಣವಿಲ್ಲ.

ನೀನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ‘ಏಳೂವರೆ ಗಾಡಿ’ ಕಾದಂಬರಿ ಮುಟ್ಟಿತು. ಹೇಗಿದೆ ಬರೆ ಎಂದಿದ್ದೀ. ‘ಈ ಪಾಠ ನಿನ್ನೆಯೇ ಬಾಯಿಪಾಠ ಮಾಡಿಸಿದ್ದು ಸಾರ್’ ಎಂದು ಶಾಲೆಗೆ ಬಂದ ಇನ್‌ಸ್ಪೆಕ್ಟರಿಗೆ ಹೇಳಿ, ತಪ್ಪಾಯಿತು ಎನ್ನಲು ಒಪ್ಪದೆ ಶಾಲೆ ಬಿಟ್ಟವನನ್ನು ಕೇಳಿದ್ದೀ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ. ನನಗೆ ಇಷ್ಟವಾಗಲಿಲ್ಲ. ಆ ನಾಯಕ ರಘುನಂದನ ಇನ್ನೂರು ಪುಟಗಳಲ್ಲಿ ಒಮ್ಮೆಯೂ ಆಫೀಸಿಗೆ ಹೋಗುವುದಿಲ್ಲ. ಕಮಲಿನಿ ಬಾಯಿ ತೆರೆದರೆ ಅರ್ಧ ಪುಟ. ಬೇರೆ ಜಾತಿಯವನನ್ನು ಮೆಚ್ಚಿದೆ ಎಂದು ಅಪ್ಪನಿಗೆ ಹೇಳುವುದು, ಅಪ್ಪ ಬೇಡ ಎನ್ನುವುದು, ಇವಳು ಬೆಳಗಿನ ಏಳೂವರೆ ಗಾಡಿ ಹತ್ತಿ ತಿರುಗಿ ನೋಡದೆ ಹೋಗುವುದು. ಅಷ್ಟೇ ಕಥೆ.

ಆದರೆ ಅದನ್ನು ನಮ್ಮ ಖಾನಾವಳಿಯ ಗಲ್ಲೆಯ ಮೇಲೆ ಇಟ್ಟಿದ್ದೇ ತಡ, ಊಟಕ್ಕೆ ಬಂದವರೆಲ್ಲ ಎತ್ತಿಕೊಂಡರು. ಹೊಳೆ ಏರಿ ಲಾಂಚು ನಿಂತಾಗ ಜನಕ್ಕೆ ಬೇರೆ ಕೆಲಸವೇನಿದೆ? ಓದಲು ಬಾರದವರಿಗೆ ನಾನೇ ಓದಿ ಹೇಳಿದೆ. ಕಂಡಕ್ಟರ ಹೇಳಿದ, “ಮನೆ ಬಿಟ್ಟು ಹೋಗೂ ಹುಡ್ಗೀರನ್ನ ನಾ ಬೇಕಾದಷ್ಟು ಕಂಡಿದ್ದೆ ಮಾರಾಯ. ಒಬ್ಳೂ ಇಷ್ಟು ಚಂದ ಮಾತಾಡೂದಿಲ್ಲ. ಬಸ್ಸಲ್ಲಿ ವಾಂತಿ ಮಾಡ್ತ್ರು.” ತರಕಾರಿ ತರುವ ಸುಬ್ಬಿ ಬುಟ್ಟಿ ಇಳಿಸಿ ಒಂದು ಅಧ್ಯಾಯ ಕೇಳಿ, “ಇಷ್ಟು ಮಾತಾಡೂಕೆ ಅವ್ಳಿಗೆ ಮನೇಲಿ ಕೆಲ್ಸ ಇಲ್ವೊ?” ಎಂದು ಎದ್ದು ಹೋದಳು. ಮರುದಿನ ಬಂದವಳೇ ಮುಂದೆ ಏನಾಯಿತು ಎಂದು ಕೇಳಿದಳು. ಭಟ್ಕಳದ ಜವಳಿ ಸಾಹೇಬರು ಚಾ ಕುಡಿಯುತ್ತ, “ಹುಡುಗೀದು ತಪ್ಪಿಲ್ಲ, ಬಾಪನ ಜಿದ್ದು ಜಾಸ್ತಿ” ಎಂದರು. ಲಾಂಚಿನ ಚೌಡ ಮಾತ್ರ ಕೊನೆಯ ಅಧ್ಯಾಯ ಬಂದಾಗಲೆಲ್ಲ ಇಂಜಿನ್ ನೋಡಬೇಕು ಎಂದು ಹೊರಗೆ ಹೋಗುತ್ತಾನೆ.

ಅಪ್ಪಯ್ಯ ಕಾದಂಬರಿಯನ್ನು ಮುಟ್ಟುವುದಿಲ್ಲ, ನಿನಗೆ ಗೊತ್ತು. ಅದನ್ನು ಕಳಿಸಿದ್ದು ಯಾರು ಎಂದು ಅವನು ಕೇಳಲಿಲ್ಲ. ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ ಎಂದು ಅವನಿಗೂ ಗೊತ್ತು.

ನಿನ್ನ ತಮ್ಮ,
ಮಹಾಗಣಪತಿ


ಕುಮಟಾ
೨೭ ಜೂನ್ ೧೯೬೧

ಪ್ರೀತಿಯ ಗಣಪ,

ನೆಗಡಿಗೆ ಕಾಳುಮೆಣಸಿನ ಕಷಾಯ ಕುಡಿ. ಸಿಟ್ಟಿಗೆ ನನ್ನಲ್ಲಿ ಔಷಧವಿಲ್ಲ.

ಕಾದಂಬರಿ ಚೆನ್ನಾಗಿದೆ ಎಂದು ನಾನು ಕಳಿಸಲಿಲ್ಲ. ನಮ್ಮ ಶಾಲೆಯ ಟೀಚರುಗಳೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ಓದಿದರು. ಕೊನೆಗೆ ನನ್ನ ಕೈಗೆ ಕೊಟ್ಟು ಎಲ್ಲರೂ ನನ್ನ ಮುಖ ನೋಡಿದರು. ಒಬ್ಬರು ಕಮಲಿನಿ ಧೀರೆ ಎಂದರು, ಒಬ್ಬರು ಕಟುಕಿ ಎಂದರು. ಎರಡೂ ನನಗೇ ಹೇಳಿದ ಹಾಗಿತ್ತು. ಶಾಂತಾರಾಮರು ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವ ಮೇಜಿನ ಮೇಲೇ ಇಟ್ಟುಕೊಂಡು ಓದಿ ಕಣ್ಣು ಒರೆಸಿಕೊಂಡರಂತೆ. ನನಗೆ ಅಳು ಬರಲಿಲ್ಲ. ಗಾಡಿ ಹತ್ತಿದವಳು ತಿರುಗಿ ನೋಡಲಿಲ್ಲ ಎಂಬ ಸಾಲಿಗೆ ಬಂದಾಗ ಪುಸ್ತಕ ಎಸೆಯಬೇಕು ಅನ್ನಿಸಿತು.

ಭಟ್ಕಳದಲ್ಲಿ ಶಾಂತಾರಾಮರ ಮನೆಯವರು ನಮ್ಮ ಮದುವೆಗೆ ಒಪ್ಪಿದ್ದಾರೆ. ತುಳಸಿ ಪೂಜೆ ಕಳೆದ ಮೇಲೆ, ಭಟ್ಕಳದ ಮನೆಯಲ್ಲೇ. ‘ಮೀನು ತಿನ್ನುವ ಮನೆಗೆ ಹೋದರೆ ಈ ಬಾಗಿಲು ನಿಂಗೆ ಇಲ್ಲೆ’ ಎಂದು ಅಪ್ಪಯ್ಯ ಯುಗಾದಿಯ ದಿನ ಹೇಳಿದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅವನು ಬರದಿದ್ದರೂ ಮದುವೆ ಆಗುತ್ತದೆ, ಗಣಪ. ಆದರೆ ಅವನಿಲ್ಲದೆ ಆದ ಮದುವೆಯನ್ನು ನಾನು ಜೀವನವಿಡೀ ಹೊರಬೇಕು. ಇದನ್ನು ಅವನಿಗೆ ಹೇಳಬೇಡ. ಹೇಳದೆ ಇರಲು ನಿನ್ನಿಂದಾದರೆ.

ನಿನ್ನ ಅಕ್ಕ,
ನರ್ಮದಾ


ಹೊನ್ನಾವರ
೧೪ ಜುಲೈ ೧೯೬೧

ಅಕ್ಕನಿಗೆ ನಮಸ್ಕಾರ.

ಒಂದು ವಿಚಿತ್ರ ನಡೆದಿದೆ. ನಾನು ಮಾಡಿಸಿದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ.

ನಿನ್ನೆ ಮಧ್ಯಾಹ್ನ ಖಾನಾವಳಿಯಲ್ಲಿ ವಕೀಲರ ಗುಮಾಸ್ತ ಮಂಜ ಹೆಗಡೆಗೂ ದಾಸ ಭಾಗವತರಿಗೂ ಕಮಲಿನಿಯ ಸಲುವಾಗಿ ಜಗಳ ಹತ್ತಿತು. ಕಮಲಿನಿ ಮಾಡಿದ್ದು ಅಪರಾಧ ಎಂದು ಗುಮಾಸ್ತ, ಧರ್ಮ ಎಂದು ಭಾಗವತರು. ಅನ್ನ ಆರಿದರೂ ಊಟ ಮುಗಿಯಲಿಲ್ಲ. ಆಗ ಕಂಡಕ್ಟರ, “ಹೀಂಗೆ ಹೊಡೆದಾಡೂ ಬದ್ಲು ತಾಳಮದ್ದಳೆಗೆ ಕೂತ್ಕಳಿ, ಮಳೆಗಾಲ ಹೇಗೂ ಯಕ್ಷಗಾನದ ಮೇಳ ಇಲ್ಲ” ಎಂದ. ತಮಾಷೆಗೆ ಹೇಳಿದ್ದು. ಭಾಗವತರು ನಿಜ ಮಾಡಿಕೊಂಡರು. “ಪುರಾಣವೇ ಬೇಕು ಹೇಳಿ ಎಲ್ಲಿ ಬರೆದಿದ್ದು? ಪದ್ಯ ಆನು ಕಟ್ತೆ” ಎಂದರು. ಭಾಗವತರು ಹಾಡುವುದು, ಗುಮಾಸ್ತ ಕಮಲಿನಿಯ ಅಪ್ಪನಾಗಿ ಕೂತು ಅರ್ಥ ಹೇಳುವುದು, ವಾದ ಮಾಡುವುದು ಎಂದಾಯಿತು. ಕಮಲಿನಿಗೆ ಯಾರು?

ಹೊನ್ನಾವರದಿಂದ ಕುಮಟೆಯ ತನಕ ಹೆಣ್ಣು ಪಾತ್ರಕ್ಕೆ ಅರ್ಥ ಹೇಳುವವರು ಯಾರು ಎಂದು ಕೇಳಿದರೆ ಮಕ್ಕಳೂ ನಮ್ಮ ಅಪ್ಪಯ್ಯನ ಹೆಸರು ಹೇಳುತ್ತವೆ. ಅವನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ, ಹೊರಗಿನ ಜಗಳ ಅವನ ಕಿವಿಗೆ ಬಿದ್ದಿರಲಿಲ್ಲ. ಭಾಗವತರು ಅಲ್ಲಿಗೇ ಹೋದರು.

“ಸುಬ್ರಾಯ ಭಟ್ರೆ, ನಿಮ್ಮ ಬಿಟ್ಟರೆ ಯಾರಿದ್ದ? ರಾಣಿಯರ ಕಣ್ಣೀರು ನಿಮ್ಮ ಬಾಯಲ್ಲಿ ಕೇಳಿದವು ಬೇರೆಯವರದ್ದು ಕೇಳ್ತ್ವಿಲ್ಲೆ.”

“ಯಾವ ರಾಣಿ?”

“ಕಮಲಿನಿ ಹೇಳಿ.”

“ಆತು, ಹೇಳ್ವ” ಎಂದು ಅಪ್ಪಯ್ಯ ಸೌಟು ಕೆಳಗಿಟ್ಟು ಕೈ ಒರೆಸಿ, ಪಾತ್ರ ಒಪ್ಪಿದ್ದಕ್ಕೆ ಭಾಗವತರು ಕೊಟ್ಟ ವೀಳ್ಯ ಹಿಡಿದ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ, “ಯಾವ ಪ್ರಸಂಗದ್ದು?” ಎಂದು ಕೇಳಿದ.

ಅದು ಗಲ್ಲೆಯ ಮೇಲಿನ ಕಾದಂಬರಿ ಎಂದು ತಿಳಿದಾಗ ಅವನ ಮುಖ ನೋಡಬೇಕಿತ್ತು. ಆದರೆ ವೀಳ್ಯ ತಿಂದಾಗಿತ್ತು. ಒಪ್ಪಿದ ಪಾತ್ರ ಬಿಟ್ಟ ಅಪವಾದ ಈ ಮೂವತ್ತು ವರ್ಷದಲ್ಲಿ ಅವನಿಗಿಲ್ಲ. ಆಗಸ್ಟ್ ಆರು, ಆಯ್ತವಾರ, ಮಧ್ಯಾಹ್ನದ ಊಟದ ಮೇಲೆ, ನಮ್ಮ ಖಾನಾವಳಿಯಲ್ಲೇ.

ರಾತ್ರಿ ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಒಂದೇ ಮಾತು ಆಡಿದ. “ನಾಳೆಯಿಂದ ಅದನ್ನ ಓದಿ ಹೇಳು.”

ಗಣಪ


ಹೊನ್ನಾವರ
೨೪ ಜುಲೈ ೧೯೬೧

ಅಕ್ಕನಿಗೆ ನಮಸ್ಕಾರ.

ದಿನಾ ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಓದುತ್ತಿದ್ದೇನೆ. ಅಪ್ಪಯ್ಯ ಬಾಳೆಲೆ ಒರೆಸುತ್ತ ಕೇಳುತ್ತಾನೆ. ಮೂರನೆಯ ದಿನ ಕಮಲಿನಿಯ ಅಪ್ಪ ಸಿಟ್ಟಿನಿಂದ ಅವಳ ಪುಸ್ತಕಗಳನ್ನು ಅಂಗಳಕ್ಕೆ ಎಸೆಯುವ ಕಡೆ ಬಂದಾಗ, “ಎಂತಾ ಮೂರ್ಖ ಇವ” ಎಂದ. ನಾನು ಓದುವುದನ್ನು ನಿಲ್ಲಿಸಿ ಅವನನ್ನೇ ನೋಡಿದೆ. “ಎಂತ ನೋಡ್ತೆ? ಆನು ಪುಸ್ತಕ ಬಿಸಾಡಿದ್ನಿಲ್ಲೆ” ಎಂದ. ಅದು ನಿಜ. ಹಾಗಾಗಿ ಮುಂದೆ ಓದಿದೆ.

ಮೊನ್ನೆ ಕೇಳಿದ, “ಈ ಕೂಸು ಅಪ್ಪನ ಹತ್ರ ಮೊದಲೇ ಎಂತಕ್ಕೆ ಹೇಳಿದ್ದಿಲ್ಲೆ?”

“ಈ ಕೂಸು ಹೇಳಿದ್ದಿಲ್ಲೆ ಅಪ್ಪಯ್ಯಾ. ನಿನ್ನ ಕೂಸು ಹೇಳಿತ್ತು. ನೀನು ಪೂರ್ತಿ ಕೇಳಿದ್ದಿಲ್ಲೆ.”

ಕೈಯಲ್ಲಿದ್ದ ಬಾಳೆಲೆ ಹರಿಯಿತು. ನನಗೆ ಏಟು ಬೀಳುತ್ತದೆ ಎಂದುಕೊಂಡೆ. ಎದ್ದು ಹಿತ್ತಿಲಿಗೆ ಹೋದ. ಹೇಳಬಾರದಿತ್ತೋ ಏನೋ. ಆದರೆ ಕೇಳಿದ್ದು ಅವನು.

ನಿನ್ನೆ ಓದಿ ಮುಗಿಯಿತು. ಅಪ್ಪಯ್ಯನಿಗೆ ಕಾದಂಬರಿ ಸ್ವಲ್ಪವೂ ಹಿಡಿಸಲಿಲ್ಲ. “ಇದ್ರಲ್ಲಿ ಕಮಲಿನಿಗೆ ಮಾತೇ ಇಲ್ಲೆ. ಬರೀ ಭಾಷಣ. ಮಂಜ ಹೆಗಡೆ ಕೇಳೂ ಪ್ರಶ್ನೆಗೆ ಇದ್ರಲ್ಲಿ ಒಂದಕ್ಕೂ ಉತ್ತರ ಸಿಕ್ತಿಲ್ಲೆ” ಎಂದ. ಸ್ವಲ್ಪ ಹೊತ್ತು ಒಲೆ ಕೆದಕಿದ. ಆಮೇಲೆ ಒಲೆಗೇ ಹೇಳಿದ ಹಾಗೆ, “ಟೀಚರ್ ಆಗಿಪ್ಪ ಕೂಸುಗಳಿಗೆ ಇದೆಲ್ಲ ಗೊತ್ತಿರ್ತು. ಕಮಲಿನಿ ಅಪ್ಪನ ಎದ್ರು ಕೂತ್ರೆ ಎಂತ ಹೇಳ್ತಿತ್ತು ಹೇಳಿ ಯಾರನ್ನಾದ್ರೂ ಕೇಳಿ ಬರೆಸು” ಎಂದ.

ಯಾರನ್ನು ಎಂದು ನಾನು ಕೇಳಲಿಲ್ಲ. ಬರೆ, ಅಕ್ಕ. ಕಮಲಿನಿ ಎಂದೇ ಬರೆ.

ಗಣಪ


ಕುಮಟಾ
೩೦ ಜುಲೈ ೧೯೬೧

ಗಣಪ,

ಮೂರು ಸಲ ಬರೆದು ಹರಿದೆ. ನಾನು ಬರೆದದ್ದೆಲ್ಲ ಆ ಕಾದಂಬರಿಯ ಹಾಗೇ ಆಗುತ್ತಿತ್ತು.

ಕಮಲಿನಿ ಅಪ್ಪನ ಹತ್ತಿರ ವಾದ ಮಾಡುತ್ತಿರಲಿಲ್ಲ ಎಂದು ಹೇಳು. ಇಷ್ಟನ್ನೇ ಹೇಳುತ್ತಿದ್ದಳು. ಅಪ್ಪಾ, ಆಯಿ ತೀರಿಹೋದಾಗ ನನಗೆ ಏಳು ವರ್ಷ. ಜಡೆ ಹಾಕಲು ಬಾರದ ನೀನು ಪಕ್ಕದ ಮನೆಯಲ್ಲಿ ಕೂತು, ಹಗ್ಗದ ಮೇಲೆ ಹೆಣೆದು ಕಲಿತು ಬಂದೆ. ಶಾಲೆಗೆ ಹೊರಡುವಾಗ ಪ್ರತಿದಿನ ಹಿಟ್ಟಿನ ಕೈ ತೊಳೆದು ಎರಡು ಜಡೆ ಹಾಕಿದೆ. ಊರವರು ನಕ್ಕರು, ನೀನು ನಿಲ್ಲಿಸಲಿಲ್ಲ. ಒಳ್ಳೆಯ ಗಂಡಸು ಹೇಗಿರುತ್ತಾನೆ ಎಂದು ನಾನು ಕಲಿತದ್ದು ಅಲ್ಲಿ. ಅಂಥವನನ್ನೇ ಹುಡುಕಿದೆ. ಅವನ ಮನೆಯಲ್ಲಿ ಏನು ಬೇಯಿಸುತ್ತಾರೆ ಎಂದು ನೋಡಲಿಲ್ಲ, ಅದು ನನ್ನ ತಪ್ಪಾದರೆ ತಪ್ಪು. ಆದರೆ ನನಗೆ ಮನುಷ್ಯರನ್ನು ಗುರುತಿಸಲು ಬರುವುದಿಲ್ಲ ಎಂದು ಹೇಳಬೇಡ. ಕಲಿಸಿದವನು ನೀನು.

ಇನ್ನು ಬರೆಯಲಾರೆ.

ನರ್ಮದಾ


ಹೊನ್ನಾವರ
೮ ಆಗಸ್ಟ್ ೧೯೬೧

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಅಪ್ಪಯ್ಯನಿಗೆ ಓದಿ ಹೇಳಿದೆ. ಕೇಳಿ, “ಇದು ಕೂರ್ತು” ಎಂದ. ಪಾತ್ರಕ್ಕೆ ಹೊಂದುತ್ತದೆ ಎಂಬ ಅರ್ಥದಲ್ಲಿ.

ಆಯ್ತವಾರ ಖಾನಾವಳಿ ತುಂಬಿ, ಜನ ಹೊರಗೆ ಕೊಡೆ ಹಿಡಿದು ನಿಂತಿದ್ದರು. ಕಾದಂಬರಿ ಓದಿದವರು, ಓದದವರು, ಓದಿದ್ದೇವೆ ಎಂದು ಹೇಳಿಕೊಂಡವರು. ಭಾಗವತರ ಪದ್ಯ ನಿಜಕ್ಕೂ ಚೆನ್ನಾಗಿತ್ತು. ರೈಲು ಗಾಡಿ ಬರುವುದಕ್ಕೆ ಮದ್ದಳೆಯವ ಬೆರಳಲ್ಲೇ ಸದ್ದು ಮಾಡಿ ತೋರಿಸಿದ. ನಮ್ಮಲ್ಲಿ ಎಷ್ಟೋ ಜನ ರೈಲು ಕಂಡವರಲ್ಲ, ಬಾಯಿ ಬಿಟ್ಟು ಕೇಳಿದರು.

ಗುಮಾಸ್ತ ಮಂಜ ಹೆಗಡೆ ತಂದೆಯಾಗಿ ಕುಳಿತು ಶುರು ಮಾಡಿದ. “ನಾಳೆ ನಿನ್ನ ಮಕ್ಕಳು ಯಾವ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ ಮಗಳೇ? ನಿನ್ನ ತಮ್ಮನಿಗೆ ಯಾರು ಹೆಣ್ಣು ಕೊಡುತ್ತಾರೆ?” ಅಕ್ಕ, ಯುಗಾದಿಯ ದಿನ ಅಪ್ಪಯ್ಯ ನಿನಗೆ ಹೇಳಿದ ಮಾತುಗಳೇ! ಗುಮಾಸ್ತನಿಗೆ ಅದು ಗೊತ್ತಿಲ್ಲ. ಎಲ್ಲ ಅಪ್ಪಂದಿರೂ ಅದನ್ನೇ ಹೇಳುತ್ತಾರೆ ಎಂದು ಕಾಣುತ್ತದೆ. ಅಪ್ಪಯ್ಯನ ಬೆವರು ಮೂಗಿನ ತುದಿಗೆ ಇಳಿದು ನಿಂತಿತು. ಪಂಕ್ತಿಯ ಮಾತಿಗೆ, “ಹಸಿದವರಿಗೆ ಬಡಿಸುವ ಮನೆಯಲ್ಲಿ ಹುಟ್ಟಿದವಳು ನಾನು. ನನ್ನ ಮಕ್ಕಳು ಪಂಕ್ತಿ ಹುಡುಕುವುದಿಲ್ಲ, ಪಂಕ್ತಿ ಹಾಕುತ್ತವೆ” ಎಂದ. ಜನ ಹೋ ಎಂದರು. ತಮ್ಮನ ಮಾತಿಗೆ ನನ್ನ ಕಡೆ ನೋಡಿದ. ನಾನು ಅಲ್ಲಿಂದಲೇ, “ನಂಗೆ ಹೆಣ್ಣು ಆನೇ ಹುಡುಕ್ಕಂಬೆ!” ಎಂದು ಕೂಗಿದೆ. ಕೂಗಬಾರದಿತ್ತು. ಭಾಗವತರು ಜಾಗಟೆಯ ಕೋಲು ತೋರಿಸಿ ಹೆದರಿಸಿದರು. ಸಭೆ ನಕ್ಕಿತು, ಗುಮಾಸ್ತನ ಓಟ ಕೆಟ್ಟಿತು.

ಆಮೇಲೆ ಜಡೆಯ ಮಾತು ಬಂತು. ನೀನು ಬರೆದದ್ದಕ್ಕಿಂತ ಕಡಿಮೆಯೇ ಹೇಳಿದ. ‘ಹಿಟ್ಟಿನ ಕೈ ತೊಳೆದು’ ಎನ್ನುವಲ್ಲಿ ನಿಂತುಬಿಟ್ಟ. ಮೂವತ್ತು ವರ್ಷದಲ್ಲಿ ಅರ್ಥ ಹೇಳುತ್ತ ಅವನು ನಿಂತದ್ದು ನಾನು ಕೇಳಿಲ್ಲ, ಯಾರೂ ಕೇಳಿಲ್ಲ. ಎದುರುತ್ತರ ಕೊಡಬೇಕಿದ್ದ ಗುಮಾಸ್ತ, ಮುಂದಿನ ಪದ್ಯ ಎತ್ತಿ ಎಂದು ಭಾಗವತರಿಗೆ ಕೈ ತೋರಿಸಿದ.

ಭಾಗವತರು ಕಮಲಿನಿ ಮನೆ ಬಿಟ್ಟು ಹೋಗುವ ಪದ್ಯ ಎತ್ತಿದರು. ಅಪ್ಪಯ್ಯ ಆ ಪದ್ಯಕ್ಕೆ ಒಪ್ಪಿ ಎರಡು ಮಾತು ಹೇಳಿದರೆ ಮುಗಿಯಿತು, ಮಂಗಳ. ಅವನು ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಹಾಡಿದರು. ಮತ್ತೆ ಹಾಡಿದರು. ಆಗ ಅಪ್ಪಯ್ಯ ಹೇಳಿದ: “ತಂದೆಯೇ, ನಾನು ಓಡಿಹೋಗುವವಳಲ್ಲ. ಗಾಡಿ ಹೋಗಲಿ. ನೀನು ಬಾಗಿಲ ತನಕ ಬಂದು ಕಳಿಸಿಕೊಡುವವರೆಗೆ ನಾನು ಈ ಜಗಲಿಯ ಮೇಲೆ ಕುಳಿತಿರುತ್ತೇನೆ.”

ಗದ್ದಲವೋ ಗದ್ದಲ. ಪ್ರಸಂಗ ಬಿಟ್ಟು ಹೋದರು ಎಂದು ಭಾಗವತರಿಗೆ ಸಿಟ್ಟು. ಪುಸ್ತಕದಲ್ಲಿ ಹಾಗಿಲ್ಲ ಎಂದು ಕಾದಂಬರಿ ಓದಿದವರು ಎದ್ದು ನಿಂತರು. “ಇದೇ ಸಮ!” ಎಂದು ಚೌಡ ಹೊರಗಿನಿಂದ ಕೂಗಿದ. ಸುಬ್ಬಿಯಂತೂ, “ಭಟ್ರು ಹೇಳಿದಾಂಗೆ ಪುಸ್ತಕ ತಿದ್ದಿ” ಎಂದು ನನಗೇ ಗದರಿಸಿದಳು. ಕೊನೆಗೆ ಗುಮಾಸ್ತ ಕೈಮುಗಿದು, “ಬಾರೇ ಮಗಳೇ, ಕಳಿಸಿಕೊಡುತ್ತೇನೆ” ಎಂದು ಸೋತ. ಮಂಗಳವಾಯಿತು.

ನಾನು ಅಪ್ಪಯ್ಯನ ಹಿಂದೆಯೇ ಅಡುಗೆಮನೆಗೆ ಹೋಗಿ, “ನಿನ್ನ ಬಾಯಲ್ಲೇ ಬಂತಲ, ಈಗೆಂತ ಮಾಡ್ತೆ?” ಎಂದು ಕೇಳಿದೆ.

“ಅದು ಅರ್ಥ, ಮಾಣಿ. ಮನೆ ಮಾತಲ್ಲ” ಎಂದು ಅಕ್ಕಿ ತೊಳೆಯಲು ಕುಳಿತ.

ನಿನಗೆ ಆಸೆ ಹುಟ್ಟಿಸಲಾರೆ. ನಡೆದದ್ದು ಇಷ್ಟು.

ಗಣಪ


ಕುಮಟಾ
೯ ಅಕ್ಟೋಬರ್ ೧೯೬೧

ಪ್ರೀತಿಯ ಗಣಪ,

ನೀನು ಬರೆಯದೆ ಇದ್ದರೆ ಬರೆಯಲು ಏನೂ ಇಲ್ಲ ಎಂದು ಅರ್ಥ. ಆದ್ದರಿಂದ ನಾನೂ ಸುಮ್ಮನಿದ್ದೆ. ನವೆಂಬರ್ ಮೂವತ್ತಕ್ಕೆ ದಿನ ನಿಶ್ಚಯವಾಗಿದೆ. ಶಾಂತಾರಾಮರ ಚಿಕ್ಕಪ್ಪ ಚಿಕ್ಕಮ್ಮ ನನ್ನನ್ನು ಧಾರೆ ಎರೆದು ಕೊಡಲು ಒಪ್ಪಿದ್ದಾರೆ. ಒಳ್ಳೆಯ ಜನ. ಅಪ್ಪಯ್ಯನಿಗೆ ನಾನೇ ಕಾಗದ ಹಾಕಿದೆ. ಕರೆಯುವುದು ನನ್ನ ಕೆಲಸ, ಕರೆದಿದ್ದೇನೆ.

ಆ ಆಯ್ತವಾರದ ಕಾಗದವನ್ನು ನೀನು ಅಷ್ಟು ವಿವರವಾಗಿ ಬರೆದದ್ದಕ್ಕೆ ಎಷ್ಟು ಉಪಕಾರ ಹೇಳಲಿ. ಅವನು ಎಂದೂ ಬಾರದಿದ್ದರೂ, ಅಷ್ಟು ಜನರ ಎದುರು ಒಂದು ಮಧ್ಯಾಹ್ನ ನನ್ನ ಪರವಾಗಿ ಕುಳಿತಿದ್ದ. ಅದು ನನಗೆ ಸಿಕ್ಕಿದೆ.

ನರ್ಮದಾ


ಹೊನ್ನಾವರ
೨೧ ನವೆಂಬರ್ ೧೯೬೧

ಅಕ್ಕನಿಗೆ ನಮಸ್ಕಾರ.

ಅಪ್ಪಯ್ಯ ಬರುತ್ತಾನೆ. ಆದರೆ ಹೇಗೆ ಎಂದು ಕೇಳು. ಅಡುಗೆಯವನಾಗಿ!

ನಿನ್ನೆ ದೊಡ್ಡ ಹಂಡೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಎಲ್ಲಿಗೆ ಎಂದು ಕೇಳಿದೆ. “ಭಟ್ಕಳದಲ್ಲಿ ಒಂದು ಮದುವೆ ಅಡುಗೆ ಒಪ್ಪಿದ್ದೆ” ಎಂದ. “ಯಾರ ಮದುವೆ?” ಎಂದೆ. “ಶಾನಭಾಗರ ಮನೆದು. ಮೀನು ತಿಂಬವರ ಮನೆ ಅಡುಗೆ ನಮ್ಮ ಕೂಸಿಗೆ ಸೇರ್ತೋ ಇಲ್ಯೋ.” ಮದುವೆ ದಿನ ಅವರ ಮನೆಯಲ್ಲೂ ಮೀನು ಮಾಡುವುದಿಲ್ಲ ಎಂದು ನಾನು ಹೇಳಿದೆ. “ಗೊತ್ತಿದ್ದು” ಎಂದ, ತಿಕ್ಕುತ್ತಲೇ ಇದ್ದ.

ನನಗೆ ಸಿಟ್ಟು ಬಂತು. ಹೋಗುವುದಾದರೆ ಅಪ್ಪ ಎಂದೇ ಹೋಗಬೇಕು, ನೆಂಟರ ಬಾಯಿಗೆ ಹೆದರಿ ಸೌಟಿನ ಹಿಂದೆ ಅಡಗುವುದು ಸುಳ್ಳು ಎಂದು ಮುಖಕ್ಕೇ ಹೇಳಿದೆ. ಅವನು ನನಗೆ ಬೈಯಲಿಲ್ಲ. “ಮಾಣಿ, ನಿಂಗೆ ನಿಜ ಹೇಳೂಲೆ ಒಂದೇ ಬಾಯಿ ಸಾಕು. ನಂಗೆ ಕಾಲೂ ಏಳೂದು ಬೇಕು. ಎದ್ದಷ್ಟು ದೂರ ಹೋಗ್ತೆ” ಎಂದ. ನಾನೂ ಒಂದು ಹಂಡೆ ಎಳೆದುಕೊಂಡು ತಿಕ್ಕತೊಡಗಿದೆ.

ಖಾನಾವಳಿ ಮುಚ್ಚುವಂತಿಲ್ಲ, ದಿನದ ಊಟದವರು ಇದ್ದಾರೆ. ಹಾಗಾಗಿ ನಾನು ಉಳಿಯುತ್ತೇನೆ. ನಿನ್ನ ಮದುವೆಗೆ ಬರಲಾರೆ. ನನಗೆ ಬೇಜಾರಿಲ್ಲ ಎಂದು ಬರೆಯಲಾರೆ.

ಗಣಪ


ಭಟ್ಕಳ
೩ ಡಿಸೆಂಬರ್ ೧೯೬೧

ನನ್ನ ಗಣಪನಿಗೆ,

ಅಪ್ಪಯ್ಯ ನಿನಗೆ ಏನನ್ನೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಹಿಂದಿನ ದಿನವೇ ಹಂಡೆಗಳ ಜೊತೆ ಬಂದ. ಹೊಳೆ ದಾಟಿಸುವಾಗ ಚೌಡ ಲಾಂಚಿನ ಅರ್ಧ ಜಾಗ ಹಂಡೆಗಳಿಗೇ ಕೊಟ್ಟನಂತೆ. ಶಾಂತಾರಾಮರಿಗೂ ಅವರ ತಾಯಿಗೂ ಮಾತ್ರ ಇವನು ಯಾರೆಂದು ಗೊತ್ತಿತ್ತು. ಅವನ ಇಷ್ಟದಂತೆ ಅವರೂ ಬಾಯಿ ಬಿಡಲಿಲ್ಲ. ನನ್ನನ್ನು ನೋಡಿ, “ಊಟ ಆತಾ?” ಎಂದು ಮಾತ್ರ ಕೇಳಿ ಒಲೆ ಹೂಡಲು ಹೋದ.

ಮರುದಿನ ಮುಹೂರ್ತದ ಹೊತ್ತಿಗೆ ನಾನು ಮಂಟಪದಲ್ಲಿದ್ದೆ. ಅವರ ಕಡೆಯ ಮುದುಕರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಪ್ಪಯ್ಯನನ್ನು, “ಭಟ್ರೆ, ಪಾಪ ಈ ಹುಡುಗಿಗೆ ತನ್ನೋರು ಅಂತ ಯಾರೂ ಇಲ್ವೊ? ಯಾರೂ ಬರ್ಲಿಲ್ಲ ಅಲ್ದೊ?” ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಅಲ್ಲ. ಮರುಕದಿಂದಲೇ. ನನಗೆ ಕೇಳಿಸಿತು. ತಲೆ ತಗ್ಗಿಸಿದೆ.

“ಯಾರೂ ಇಲ್ಲೆ ಹೇಳಿ ಯಾರು ಹೇಳಿದ್ದು?” ಎಂಬ ಧ್ವನಿ ಬಂತು. ಆ ಧ್ವನಿ ನಿನಗೆ ಗೊತ್ತು, ಸಾವಿರ ಜನ ಕೂತರೂ ಕೊನೆಯವನಿಗೆ ಮುಟ್ಟುವಂಥದ್ದು. “ಆನಿದ್ದೆ. ಆನು ಅದರ ಅಪ್ಪ.”

ವಾದ್ಯದವರೂ ನಿಲ್ಲಿಸಿದರು. ಸೊಂಟಕ್ಕೆ ಕಟ್ಟಿದ ಪಂಚೆಯಲ್ಲೇ, ಬೂದಿ ಹತ್ತಿದ ಮೊಣಕಾಲಲ್ಲೇ ಮಂಟಪಕ್ಕೆ ಬಂದ. ಚಿಕ್ಕಪ್ಪ ತಾವೇ ಎದ್ದು ಜಾಗ ಬಿಟ್ಟರು. ಪುರೋಹಿತರು, ಹೆಂಡತಿ ಇಲ್ಲದವರು ಧಾರೆ ಎರೆಯುವುದು ಹೇಗೆ ಎಂದು ಏನೋ ಶುರು ಮಾಡಿದರು. “ಶಾಸ್ತ್ರ ಊಟ ಆದ ಮೇಲೆ ಹೇಳಿ ಭಟ್ರೆ, ಆನೂ ಕೂತು ಕೇಳ್ತೆ. ಈಗ ಚೊಂಬು ಇತ್ಲಾಗೆ ಕೊಡಿ” ಎಂದ.

ಅವನು ಎರೆದ ನೀರು ಅರ್ಧ ನನ್ನ ಸೀರೆಯ ಮೇಲೆ ಬಿತ್ತು. ನಾನು ಅದನ್ನು ಒರೆಸಿಕೊಳ್ಳಲಿಲ್ಲ.

ಗಣಪ, ನೀನು ಅವನಿಗೆ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಇಡೀ ಊರು ನಿನ್ನ ಆ ಗುಣಕ್ಕೆ ಬೈಯುತ್ತದೆ, ನಾನೂ ಬೈದಿದ್ದೇನೆ. ಇನ್ನು ಬೈಯುವುದಿಲ್ಲ. ನನ್ನ ಉಪಕಾರ ನಿನಗೆ ಮುಟ್ಟಲಿ.

ನಿನ್ನ ಅಕ್ಕ,
ನರ್ಮದಾ


ಹೊನ್ನಾವರ
೧೮ ಡಿಸೆಂಬರ್ ೧೯೬೧

‘ಏಳೂವರೆ ಗಾಡಿ’ ಬರೆದವರಿಗೆ, ಪ್ರಕಾಶಕರ ಮೂಲಕ.

ನಮಸ್ಕಾರ. ನಾನು ಶಾಲೆ ಬಿಟ್ಟವನು, ಖಾನಾವಳಿ ನಡೆಸುವವರ ಮಗ. ತಪ್ಪಿದ್ದರೆ ಕ್ಷಮಿಸಬೇಕು.

ನಿಮ್ಮ ಕಾದಂಬರಿ ನನಗೆ ಇಷ್ಟವಾಗಲಿಲ್ಲ. ಎರಡನೆಯ ಸಲ ಓದಿದಾಗಲೂ ಆಗಲಿಲ್ಲ. ಆದರೂ ನಿಮಗೆ ಉಪಕಾರ ಹೇಳಲು ಈ ಕಾಗದ ಬರೆಯುತ್ತಿದ್ದೇನೆ. ಅದರಿಂದ ನಮ್ಮ ಮನೆಗೆ ಏನಾಯಿತು ಎಂದು ಬರೆದರೆ ಇನ್ನೊಂದು ಕಾದಂಬರಿ ಆದೀತು. ಇಷ್ಟು ಹೇಳಬಹುದು. ನೀವು ಅದನ್ನು ಬರೆಯದಿದ್ದರೆ ನಮ್ಮ ತಂದೆಗೂ ಅಕ್ಕನಿಗೂ ಮಾತಾಡಲು ಒಂದು ಜಾಗವೇ ಇರಲಿಲ್ಲ. ಕೆಲವು ನೆಂಟರು ನಮ್ಮಲ್ಲಿ ಊಟ ಬಿಟ್ಟಿದ್ದಾರೆ. ಅದು ನಿಮ್ಮ ತಪ್ಪಲ್ಲ. ಮೊನ್ನೆ ಅಕ್ಕ, ಭಾವ ಬಂದಿದ್ದರು; ತಂದೆಯವರು ಬಾಗಿಲ ತನಕ ಬಂದು ಕರೆದುಕೊಂಡರು.

ನಿಮ್ಮ ಪುಸ್ತಕ ಈಗ ಭಟ್ಕಳದ ಜವಳಿ ಸಾಹೇಬರ ಮನೆಯಲ್ಲಿದೆ. ಅವರ ಮಗಳಿಗೆ ಕನ್ನಡ ಓದಲು ಬರುತ್ತದಂತೆ. ಹಾಗಾಗಿ ಪುಟ ನೋಡಿ ಬರೆಯಲಾರೆ, ನೆನಪಿನಿಂದ ಕೇಳುತ್ತೇನೆ. ಪ್ರಶ್ನೆ ನನ್ನದಲ್ಲ, ನಮ್ಮ ತಂದೆಯವರದು. ನಿನ್ನೆ ಒಲೆ ಆರಿಸುವಾಗ ತಾವಾಗಿ ಕೇಳಿದರು, ನಿಮಗೆ ಬರೆದು ಕೇಳಲು ಹೇಳಿದರು.

ಮಗಳು ಗಾಡಿ ಹತ್ತಿ ಹೋದ ಮೇಲೆ ಕಮಲಿನಿಯ ಅಪ್ಪನ ವಿಷಯ ನೀವು ಮುಂದೆ ಬರೆದಿಲ್ಲ. ಆ ದಿನ ಅವನು ಊಟ ಮಾಡಿದನೋ ಇಲ್ಲವೋ? ತಿಳಿಸಬೇಕಂತೆ.

ಉತ್ತರ ಬರೆಯುವುದಾದರೆ ಅವರ ಹೆಸರಿಗೇ ಬರೆಯಿರಿ: ಸುಬ್ರಾಯ ಭಟ್ಟರು, ಖಾನಾವಳಿ, ಬಂದರು ರಸ್ತೆ, ಹೊನ್ನಾವರ.

ಇತಿ ಉಪಕೃತ,
ಮಹಾಗಣಪತಿ